‘ಒಂದೂವರೆ ವರ್ಷ ತಾನೆ!’ ಎನ್ನುವವರಿಗೆ

ಅಮೆರಿಕದ ಕನ್ನಡಿಗರ ಮನೆಯಲ್ಲಿ ಹೆಣ್ಣುಮಗಳೊಬ್ಬಳು ‘ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್‌ಗೆ ಸೀಟು ಸಿಕ್ಕಿದೆ, ಆಕ್ಸಿಲರೇಟೆಡ್ ಕೋರ್ಸು, ಆಗಸ್ಟಿನಲ್ಲಿ ಶುರು’ ಎಂದರೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಊರಿನಿಂದ ಫೋನಿನಲ್ಲಿ: ‘ಬಿ.ಇ. ಓದಿಸಿದ್ದು ಇದಕ್ಕೇನಮ್ಮಾ?’ ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ, ಪ್ರೀತಿಯಿಂದಲೇ: ‘ಅತ್ತಿಗೆ, ನಿಮಗೆ ನೀರು ಕುಡಿದಷ್ಟು ಸುಲಭ. ಒಂದೂವರೆ ವರ್ಷ ತಾನೆ! ಮಕ್ಕಳು ಸ್ಕೂಲಿಗೆ ಹೋದ ಹೊತ್ತಲ್ಲಿ ಮುಗಿಸಿಬಿಡ್ತೀರಿ.’ ಮೊದಲನೆಯದನ್ನು ಹೀಗಳಿಕೆ ಎಂದೂ ಎರಡನೆಯದನ್ನು ಮೆಚ್ಚುಗೆ ಎಂದೂ ನಾವು ತಿಳಿಯುತ್ತೇವೆ. ಎರಡರ ಬೇರೂ ಒಂದೇ. ಕೆಲಸ ಚಿಕ್ಕದು, ಕಾಲೇಜು ಚಿಕ್ಕದು, ಹಾಗಾಗಿ ಓದೂ ಚಿಕ್ಕದು ಎಂಬ ನಂಬಿಕೆ ಅದು. ಈ ನಂಬಿಕೆ ತಪ್ಪು. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿಗಳಿಗೆ ಆಸ್ಪತ್ರೆಯ ವಾರ್ಡಿನಲ್ಲಿ ಕಲಿಸುವವಳು ನಾನು. ಈ ನಂಬಿಕೆಯನ್ನೇ ಹೊತ್ತು ಬಂದು ಮೊದಲ ಸೆಮಿಸ್ಟರಿನಲ್ಲೇ ಹೊರಬಿದ್ದ ಜಾಣೆಯರನ್ನು ಕಂಡಿದ್ದೇನೆ. ಸುಮ್ಮನಿರಲು ಮನಸ್ಸಾಗುವುದಿಲ್ಲ.

ಮೊದಲು ‘ಆಕ್ಸಿಲರೇಟೆಡ್’ ಎಂದರೇನು ಎನ್ನುವುದು ತಿಳಿದಿರಲಿ. ಪಾಠದಲ್ಲಿ ಏನನ್ನೂ ಕಡಿಮೆ ಮಾಡಿರುವುದಿಲ್ಲ. ನರ್ಸಿಂಗ್ ಕಾಲೇಜು ಏನನ್ನು ಕಲಿಸಬೇಕು, ವಿದ್ಯಾರ್ಥಿ ರೋಗಿಗಳ ಬಳಿ ಎಷ್ಟು ಕೆಲಸ ಮಾಡಿರಬೇಕು ಎಂಬುದನ್ನೆಲ್ಲ ಆಯಾ ರಾಜ್ಯದ ನರ್ಸಿಂಗ್ ಬೋರ್ಡು ನೋಡಿಕೊಳ್ಳುತ್ತದೆ. ಬೇಗ ಮುಗಿಸುವವರಿಗೆ ಅದು ರಿಯಾಯಿತಿ ಕೊಡುವುದಿಲ್ಲ. ತೆಗೆದುಹಾಕಿರುವುದು ರಜೆಯನ್ನು, ನಡುನಡುವಿನ ಬಿಡುವನ್ನು. ಬೇಸಿಗೆಯೂ ಒಂದು ಸೆಮಿಸ್ಟರು, ಡಿಸೆಂಬರಿನಲ್ಲಿ ಉಸಿರಾಡಲು ಒಂದೆರಡು ವಾರ, ಅಷ್ಟೆ. ಎರಡು ವರ್ಷದ ಕೋರ್ಸಿನವರು ಒಂದು ವಾರ ಹೃದಯದ ಔಷಧಿಗಳನ್ನು ಓದಿ, ಮುಂದಿನ ವಾರ ಅರಗಿಸಿಕೊಂಡು, ಮೂರನೆಯ ವಾರ ಪರೀಕ್ಷೆ ಬರೆದರೆ ಇಲ್ಲಿ ಸೋಮವಾರ ಪಾಠ, ಗುರುವಾರ ಪರೀಕ್ಷೆ, ಮರುವಾರ ಮೂತ್ರಪಿಂಡ. ಒಂದು ವಾರ ಜ್ವರ ಬಂದು ಮಲಗಿದರೆ ಎರಡು ಅಧ್ಯಾಯಗಳಷ್ಟೇ ಹೋಗುವುದಿಲ್ಲ, ಒಂದು ಅಂಗವ್ಯವಸ್ಥೆಯೇ ಕೈತಪ್ಪುತ್ತದೆ. ಇದನ್ನು ಸುಲಭದ ದಾರಿ ಎಂದವರು ಈ ಕೋರ್ಸಿನ ಒಂದೇ ಒಂದು ತಿಂಗಳ ವೇಳಾಪಟ್ಟಿಯನ್ನೂ ಕಣ್ಣಾರೆ ನೋಡಿರಲಾರರು.

ಇನ್ನು ಕಾಲೇಜಿನ ಮಾತು. ಕಮ್ಯುನಿಟಿ ಕಾಲೇಜು ಎಂದರೆ ಬೇರೆಲ್ಲೂ ಸೀಟು ಸಿಗದವರು ಹೋಗುವ ಜಾಗ ಎಂಬ ಭಾವನೆ ನಮ್ಮವರಲ್ಲಿ ಗಟ್ಟಿಯಾಗಿದೆ. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾದ ಈ ಬಗೆಯ ಸಾರ್ವಜನಿಕ ಕಾಲೇಜುಗಳು ಊರಿನವರಿಗಾಗಿ, ತೆರಿಗೆಯ ಹಣದ ನೆರವಿನಲ್ಲಿ ನಡೆಯುವಂಥವು. ಇಂಥ ಕಡೆ ನರ್ಸಿಂಗ್ ಕಲಿಸಬಹುದು ಎಂದು ವಾದ ಮಂಡಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿದ್ದ ಮಿಲ್ಡ್ರೆಡ್ ಮಾಂಟ್ಯಾಗ್. ಅವರ ಪ್ರಬಂಧ ಪುಸ್ತಕವಾಗಿ ಬಂದದ್ದು 1951ರಲ್ಲಿ. ಎರಡನೆಯ ಮಹಾಯುದ್ಧ ಮುಗಿದಿತ್ತು, ನರ್ಸುಗಳಿಗೆ ಬರ. ಅಲ್ಲಿಯವರೆಗೆ ನರ್ಸಿಂಗ್ ಕಲಿಯುವ ಹುಡುಗಿಯರು ಬಹುಪಾಲು ಆಸ್ಪತ್ರೆಗಳ ಶಾಲೆಗಳಲ್ಲಿ ಮೂರು ವರ್ಷ ಇದ್ದು, ಕಲಿಕೆಯ ಹೆಸರಿನಲ್ಲಿ ವಾರ್ಡಿನ ಕೆಲಸವನ್ನು ಸಂಬಳವಿಲ್ಲದಂತೆಯೇ ಮಾಡುತ್ತಿದ್ದರು. ಓದಬೇಕಾದವಳನ್ನು ಓದಲು ಬಿಟ್ಟರೆ ಎರಡು ವರ್ಷ ಸಾಕು ಎಂದರು ಮಾಂಟ್ಯಾಗ್. 1952ರಲ್ಲಿ ಏಳು ಕಾಲೇಜುಗಳಲ್ಲಿ ಪ್ರಯೋಗ ಶುರುವಾಯಿತು. ಅಲ್ಲಿಂದ ಹೊರಬಂದವರು ಉಳಿದವರು ಬರೆದ ಲೈಸೆನ್ಸ್ ಪರೀಕ್ಷೆಯನ್ನೇ ಬರೆದರು, ಪಾಸಾದರು. ಮಾಂಟ್ಯಾಗ್ ಅವರ ಮನಸ್ಸಿನಲ್ಲಿದ್ದದ್ದು ಪೂರ್ಣ ನರ್ಸಿಗಿಂತ ಒಂದು ಮೆಟ್ಟಿಲು ಕೆಳಗಿನ ತಾಂತ್ರಿಕ ಹುದ್ದೆ ಎಂಬುದನ್ನೂ ಹೇಳಬೇಕು. ಆದರೆ ಪರೀಕ್ಷೆ ಒಂದೇ ಆದ್ದರಿಂದ ಲೈಸೆನ್ಸೂ ಒಂದೇ ಆಯಿತು. ಇಂದಿಗೂ ಹಾಗೆಯೇ ಇದೆ. ನಾಲ್ಕು ವರ್ಷ ಓದಿದವರಿಗೂ ಕಮ್ಯುನಿಟಿ ಕಾಲೇಜಿನವರಿಗೂ ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಒಂದೇ: ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆಯ ಮಿತಿ. ಮೊದಲ ಸಲಕ್ಕೇ ಪಾಸಾಗುವವರ ಪ್ರಮಾಣದಲ್ಲಿ ಎರಡು ಗುಂಪಿಗೂ ಇರುವ ಅಂತರ ಕಿರಿದು.

ಎದುರು ಪಕ್ಷದಲ್ಲಿ ಗಟ್ಟಿ ವಾದವೊಂದಿದೆ. ಅದನ್ನು ಬಿಟ್ಟು ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಅಮೆರಿಕನ್ ನರ್ಸಸ್ ಅಸೋಸಿಯೇಷನ್ 1965ರಲ್ಲೇ ವೃತ್ತಿಪರ ನರ್ಸಿಗೆ ನಾಲ್ಕು ವರ್ಷದ ಪದವಿ ಬೇಕು ಎಂದಿತ್ತು. 2003ರಲ್ಲಿ ಸಂಶೋಧಕಿ ಲಿಂಡಾ ಏಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮಾಹಿತಿ ಇಟ್ಟುಕೊಂಡು, ಪದವೀಧರ ನರ್ಸುಗಳ ಪ್ರಮಾಣ ಶೇಕಡಾ 10 ಹೆಚ್ಚಿದ್ದ ಕಡೆ ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನದೊಳಗೆ ಸಾಯುವ ಸಾಧ್ಯತೆ ಶೇಕಡಾ 5ರಷ್ಟು ಕಡಿಮೆ ಇತ್ತು ಎಂದು ತೋರಿಸಿದರು. 2010ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ, 2020ರ ಹೊತ್ತಿಗೆ ಶೇಕಡಾ 80 ನರ್ಸುಗಳು ಪದವೀಧರರಾಗಬೇಕು ಎಂದಿತು. ಇವನ್ನು ನಾನು ತಳ್ಳಿಹಾಕುವುದಿಲ್ಲ. ಹೆಚ್ಚು ಓದಿದ ನರ್ಸು ಹೆಚ್ಚು ಒಳ್ಳೆಯದು. ನನ್ನ ವಿದ್ಯಾರ್ಥಿಗಳಿಗೆಲ್ಲ ಮುಂದೆ ಓದಿ ಎಂದೇ ಹೇಳುತ್ತೇನೆ. ಆದರೆ ಆ ಅಧ್ಯಯನ ಲೆಕ್ಕ ಹಾಕಿದ್ದು ನರ್ಸಿನ ಕೈಯಲ್ಲಿ ಯಾವ ಪದವಿ ಇದೆ ಎಂಬುದನ್ನು. ಆಕೆ ಮೊದಲು ಯಾವ ಬಾಗಿಲಿನಿಂದ ಒಳಬಂದಳು ಎಂಬುದನ್ನಲ್ಲ. ಕಮ್ಯುನಿಟಿ ಕಾಲೇಜು ಮುಗಿಸಿ, ಲೈಸೆನ್ಸ್ ಪಡೆದು, ಕೆಲಸ ಮಾಡುತ್ತಲೇ ಪದವಿ ಪೂರೈಸುವವರು ಸಾವಿರಾರು. ಎಷ್ಟೋ ಆಸ್ಪತ್ರೆಗಳು ಅದಕ್ಕೆ ಹಣವನ್ನೂ ಕೊಡುತ್ತವೆ. ನಾರ್ತ್ ಡಕೋಟಾ 1987ರಿಂದ ಪದವಿಯನ್ನೇ ಕಡ್ಡಾಯ ಮಾಡಿ ನೋಡಿ 2003ರಲ್ಲಿ ಕೈಬಿಟ್ಟಿತು. ನ್ಯೂಯಾರ್ಕ್ 2017ರಲ್ಲಿ ತಂದ ಕಾನೂನು ಹೆಚ್ಚು ವಿವೇಕದ್ದು: ಬಾಗಿಲು ತೆರೆದೇ ಇರಲಿ, ಒಳಬಂದ ಹತ್ತು ವರ್ಷದೊಳಗೆ ಪದವಿ ಮುಗಿಸಲಿ. ಹೀಗಾಗಿ ಏಕೆನ್ ಅವರ ಅಂಕಿಅಂಶ ಹಿಡಿದು ಕಮ್ಯುನಿಟಿ ಕಾಲೇಜನ್ನು ಜರೆಯುವವರಿಗೆ ಆ ಅಂಕಿಅಂಶವೇ ಜೊತೆ ನಿಲ್ಲುವುದಿಲ್ಲ.

ಹಣದ ಮಾತನ್ನೂ ಆಡಿಬಿಡೋಣ. ಡಿಗ್ರಿ ಇದ್ದವರಿಗೆಂದೇ ಖಾಸಗಿ ವಿಶ್ವವಿದ್ಯಾಲಯಗಳು ನಡೆಸುವ ಇಂಥದ್ದೇ ವೇಗದ ಕೋರ್ಸು ಎಷ್ಟೋ ಕಡೆ 50,000 ಡಾಲರ್ ದಾಟುತ್ತದೆ. ಕಮ್ಯುನಿಟಿ ಕಾಲೇಜಿನಲ್ಲಿ, ಅದೇ ಕೌಂಟಿಯ ನಿವಾಸಿಯಾಗಿದ್ದರೆ, ಹಲವೆಡೆ 10,000–15,000ದೊಳಗೆ ಮುಗಿಯುತ್ತದೆ. ಫೆಡರಲ್ ಸರ್ಕಾರದ ನೆರವಾದ ಪೆಲ್ ಗ್ರಾಂಟ್ ಸಿಗಬಹುದೆಂದು ಕಾಯಬೇಡಿ. ಈಗಾಗಲೇ ಡಿಗ್ರಿ ಇದ್ದವರಿಗೆ ಅದಿಲ್ಲ. ದಾವಣಗೆರೆಯಲ್ಲಿ ಪಡೆದ ಡಿಗ್ರಿಯೂ ಡಿಗ್ರಿಯೇ.

‘ಎಂಜಿನಿಯರಿಂಗ್ ಮಾಡಿದ ತಲೆಗೆ ಇದೇನು ಮಹಾ’ ಎನ್ನುವವರಿಗೆ ನಾನು ಒಂದು ಪ್ರಶ್ನೆ ಕೊಡುತ್ತೇನೆ. ನಿಮ್ಮ ಪಾಳಿ ಈಗಷ್ಟೇ ಶುರುವಾಗಿದೆ, ನಾಲ್ವರು ರೋಗಿಗಳು. ಒಬ್ಬರಿಗೆ ನಿನ್ನೆ ಮಂಡಿ ಆಪರೇಷನ್ ಆಗಿದೆ, ನೋವು ಹತ್ತಕ್ಕೆ ಏಳು ಎನ್ನುತ್ತಿದ್ದಾರೆ. ಇನ್ನೊಬ್ಬರು ಸಕ್ಕರೆ ಕಾಯಿಲೆಯವರು, ಊಟಕ್ಕೆ ಮುಂಚಿನ ಇನ್ಸುಲಿನ್‌ಗೆ ಹೊತ್ತಾಗಿದೆ. ಮೂರನೆಯವರು ಬಹಳ ವರ್ಷದಿಂದ ಶ್ವಾಸಕೋಶದ ಕಾಯಿಲೆ ಇರುವವರು, ಆಕ್ಸಿಜನ್ ಮಟ್ಟ 90. ನಾಲ್ಕನೆಯವರಿಗೆ ಬೆಳಿಗ್ಗೆ ಥೈರಾಯ್ಡ್ ತೆಗೆದಿದ್ದಾರೆ, ಶಾಂತವಾಗಿ ಮಲಗಿದ್ದಾರೆ, ಉಸಿರೆಳೆದಾಗ ಸಣ್ಣಗೆ ಸುಂಯ್ ಎನ್ನುವ ಸದ್ದು ಈಗ ಹೊಸದಾಗಿ ಕೇಳುತ್ತಿದೆ. ಮೊದಲು ಯಾರ ಬಳಿ ಹೋಗುತ್ತೀರಿ? ನಾಲ್ವರಿಗೂ ನಿಮ್ಮ ಅಗತ್ಯವಿದೆ. ನರಳುತ್ತಿರುವವರು ಕಣ್ಣಿಗೆ ಬೀಳುತ್ತಾರೆ, 90 ಎಂಬ ಅಂಕಿ ಹೆದರಿಸುತ್ತದೆ. ಹೋಗಬೇಕಾದದ್ದು ಸುಮ್ಮನೆ ಮಲಗಿರುವವರ ಬಳಿಗೆ. ಕುತ್ತಿಗೆಯೊಳಗೆ ಊತವೋ ರಕ್ತವೋ ಸೇರಿ ಉಸಿರಿನ ದಾರಿ ಕಿರಿದಾಗುತ್ತಿದೆ. ಉಳಿದ ಮೂವರಿಗೆ ಇರುವ ಹತ್ತು ನಿಮಿಷ ಅವರಿಗಿಲ್ಲ. 2023ರ ಏಪ್ರಿಲ್‌ನಿಂದ ಲೈಸೆನ್ಸ್ ಪರೀಕ್ಷೆ ಇಂಥ ತೀರ್ಮಾನವನ್ನೇ ಇನ್ನೂ ಆಳವಾಗಿ ಅಳೆಯುವಂತೆ ಬದಲಾಗಿದೆ. ಎಸ್ಸೆಸ್ಸೆಲ್ಸಿಯಿಂದ ಸಿಇಟಿಯವರೆಗೆ ಬಾಯಿಪಾಠದ ಬಲದಿಂದ ರ‍್ಯಾಂಕ್ ಪಡೆದವರು ಇಲ್ಲಿ ಎಡವುತ್ತಾರೆ. ಪುಸ್ತಕದ ಸಾಲು ಬಾಯಿಗೆ ಬಂದಿರುತ್ತದೆ, ಪ್ರಶ್ನೆ ಆ ಸಾಲನ್ನು ಕೇಳುವುದೇ ಇಲ್ಲ. ಪಾಸಾಗಲು ಹಲವು ಕಾಲೇಜುಗಳಲ್ಲಿ 75ರಿಂದ 78 ಬೇಕು, 74.9 ಬಂದರೆ 75 ಮಾಡುವ ಔದಾರ್ಯವೂ ಇರುವುದಿಲ್ಲ.

ಔಷಧಿಯ ಲೆಕ್ಕದ ಪರೀಕ್ಷೆ ಬೇರೆ. ಎಷ್ಟೋ ಕಡೆ ಅದರಲ್ಲಿ 90, ಕೆಲವೆಡೆ ನೂರಕ್ಕೆ ನೂರು ಬರಲೇಬೇಕು. ಗಣಿತ ನಮ್ಮವರಿಗೆ ಕಷ್ಟವಲ್ಲ ಎನ್ನುತ್ತೀರಿ. 500 ಎಂ.ಎಲ್. ಚೀಲದಲ್ಲಿ 25,000 ಯೂನಿಟ್ ಹೆಪಾರಿನ್, ಗಂಟೆಗೆ 1,200 ಯೂನಿಟ್ ಕೊಡಬೇಕು ಎಂದರೆ ಉತ್ತರ ಗಂಟೆಗೆ 24 ಎಂ.ಎಲ್.; ಏಳನೆಯ ತರಗತಿಯ ಲೆಕ್ಕ. ಆ ದಿನ ಔಷಧಾಲಯದಿಂದ ಬಂದ ಚೀಲ ಅಷ್ಟೇ ಯೂನಿಟ್ ಇರುವ 250 ಎಂ.ಎಲ್.ನದಾಗಿದ್ದು, ನೀವು ಅದರ ಮೇಲಿನ ಅಕ್ಷರ ಓದದೆ ರೂಢಿಯಂತೆ 24 ಎಂದು ಒತ್ತಿದರೆ ರೋಗಿಗೆ ಎರಡರಷ್ಟು ಹೆಪಾರಿನ್ ಹೋಗುತ್ತದೆ, ರಕ್ತಸ್ರಾವವಾಗಬಹುದು. ಆ ಪರೀಕ್ಷೆ ಅಳೆಯುವುದು ಗುಣಾಕಾರವನ್ನಲ್ಲ, ಹನ್ನೊಂದನೆಯ ಗಂಟೆಯಲ್ಲಿ ಕಾಲು ಸೋತಾಗಲೂ ಚೀಲದ ಮೇಲಿನ ಅಕ್ಷರ ಓದುವ ಅಭ್ಯಾಸವನ್ನು.

ಇಷ್ಟಾಗಿಯೂ ಈ ತಾತ್ಸಾರ ಎಲ್ಲಿಂದ ಬಂತು? ನಮ್ಮ ಹಿರಿಯರು ಫೋನಿನಲ್ಲಿ ಅರ್ಧಕ್ಕೆ ನುಂಗುವ ಮಾತನ್ನು ನಾನು ಪೂರ್ತಿ ಹೇಳುತ್ತೇನೆ: ‘ಕಂಡವರ ಹೇಲು ಉಚ್ಚೆ ಬಾಚೋ ಕೆಲಸ.’ ಇದರ ಹಿಂದಿರುವುದು ಮೈಲಿಗೆಯ ಲೆಕ್ಕ. ಬೇರೆಯವರ ಮೈ ಮುಟ್ಟುವುದು, ಮಲ ಒರೆಸುವುದು ಇಂಥ ಜಾತಿಯ, ಇಂಥ ಮನೆಯ ಹೆಣ್ಣುಮಕ್ಕಳ ಕೆಲಸವಲ್ಲ ಎಂಬ ಲೆಕ್ಕ. ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯ ವಾರ್ಡಿಗೆ ಹೋಗಿ, ಕೇರಳದ ಹುಡುಗಿಯರು, ಈಶಾನ್ಯ ರಾಜ್ಯಗಳ ಹುಡುಗಿಯರು ನಮ್ಮ ಅಪ್ಪ ಅಮ್ಮಂದಿರನ್ನು ನೋಡಿಕೊಳ್ಳುತ್ತಿರುತ್ತಾರೆ. ನರ್ಸಿಂಗ್ ಕಾಲೇಜುಗಳಿಗೆ ಕರ್ನಾಟಕದಲ್ಲಿ ಕೊರತೆ ಇಲ್ಲ. ಆ ಬೆಂಚುಗಳಲ್ಲಿ ಕೂರಲು ಮೇಲುಜಾತಿಯ ಕನ್ನಡ ಮನೆಗಳು ತಮ್ಮ ಮಕ್ಕಳನ್ನು ಕಳಿಸಲಿಲ್ಲ. ಆ ಸಂಕೋಚವನ್ನು ವಿಮಾನದಲ್ಲಿ ಜೊತೆಗೇ ತಂದಿದ್ದೇವೆ.

ಮೈ ತೊಳೆಯುವುದರಲ್ಲಿ ಎಷ್ಟು ವಿದ್ಯೆ ಇದೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಿ. ಎಂಬತ್ತು ದಾಟಿದ ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಬೆನ್ನು ಒರೆಸುವಾಗ ವಿದ್ಯಾರ್ಥಿನಿಯ ಕಣ್ಣು ಸೊಂಟದ ಕೆಳಗಿನ ಮೂಳೆಯ ಮೇಲಿರಬೇಕು, ಆಮೇಲೆ ಹಿಮ್ಮಡಿಯ ಮೇಲೆ. ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಬೇಕು. ಬಿಳುಪಾಗಿ ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಬಿಳುಪಾಗದಿದ್ದರೆ ಬೆಡ್‌ಸೋರ್ ಆಗಲೇ ಶುರುವಾಗಿದೆ. ನಮ್ಮಂಥ ಕಪ್ಪು, ಕಂದು ಮೈಯವರಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಆಗ ಕೈಯೇ ಕಣ್ಣು: ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮೆದುವಾಗಿದೆಯೇ ಎಂದು ಮುಟ್ಟಿ ನೋಡಬೇಕು. ಆ ಬೆಳಿಗ್ಗೆ ಮುಟ್ಟದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಚರ್ಮ ಕಿತ್ತು ಮಾಂಸ ಕಾಣುತ್ತದೆ, ತಿಂಗಳುಗಟ್ಟಲೆ ವಾಸಿಯಾಗದು, ಎಷ್ಟೋ ಜನ ಅದರ ಸೋಂಕಿನಿಂದಲೇ ಸಾಯುತ್ತಾರೆ. ನರ್ಸು ಒರೆಸುತ್ತಿರುವಷ್ಟು ಹೊತ್ತು ಪರೀಕ್ಷೆ ನಡೆಯುತ್ತಿದೆ. ಇದನ್ನು ಕೀಳು ಕೆಲಸ ಎಂದು ಕರೆಯುವವರು ತಮ್ಮ ತಾಯಿ ಹಾಸಿಗೆ ಹಿಡಿದ ದಿನ ಎಂಥ ನರ್ಸು ಬೇಕೆಂದು ಬಯಸುತ್ತಾರೆ?

ಇನ್ನು ಸಿದ್ಧತೆ. ಇಲ್ಲಿಯೂ ನಮ್ಮವರ ಸಲಹೆ ಒಂದೇ ಧಾಟಿಯದು: ‘ಬೇಸಿಗೆಯಲ್ಲೇ ಪುಸ್ತಕ ತರಿಸಿ ಅರ್ಧ ಓದಿಬಿಡು.’ ಸಾವಿರಾರು ಪುಟದ ಆ ಪುಸ್ತಕವನ್ನು ಗುರಿಯಿಲ್ಲದೆ ಓದಿದ್ದು ಅಕ್ಟೋಬರಿನ ಹೊತ್ತಿಗೆ ಉಳಿಯುವುದಿಲ್ಲ. ಮೊದಲೇ ಓದುವುದಾದರೆ ಅನಾಟಮಿ ಮತ್ತು ಫಿಸಿಯಾಲಜಿಯನ್ನು ಮತ್ತೆ ತಿರುವಿಹಾಕಿ, ಅದೂ ಹೃದಯ, ಮೂತ್ರಪಿಂಡ, ಸೋಡಿಯಂ ಪೊಟ್ಯಾಸಿಯಂ. ಔಷಧಿ ಲೆಕ್ಕ ಅಭ್ಯಾಸ ಮಾಡಿ. ಅಷ್ಟು ಸಾಕು. ನಮ್ಮ ಹೆಣ್ಣುಮಕ್ಕಳು ಸಿಕ್ಕಿಬೀಳುವುದು ಪುಸ್ತಕದಲ್ಲಲ್ಲ, ಕಾಗದಪತ್ರದಲ್ಲಿ ಮತ್ತು ಮನೆಯಲ್ಲಿ.

ಕಾಗದಪತ್ರದ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಭಾರತದಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ತಮ್ಮದೇ ತೊಡಕುಗಳಿವೆ. ಆಸ್ಪತ್ರೆಯೊಳಗೆ ಕಾಲಿಡುವ ಮುನ್ನ ಲಸಿಕೆಗಳ ದಾಖಲೆ ಕೊಡಬೇಕು. ‘ಚಿಕ್ಕವಳಿದ್ದಾಗ ಅಮ್ಮ ಆಗಿತ್ತು’ ಎಂದು ತಾಯಿ ಫೋನಿನಲ್ಲಿ ಹೇಳಿದ್ದು ದಾಖಲೆಯಲ್ಲ. ಚಿಕನ್‌ಪಾಕ್ಸ್, ದಡಾರಗಳಿಗೆ ಪ್ರತಿಕಾಯ ಇದೆ ಎಂದು ರಕ್ತಪರೀಕ್ಷೆ ತೋರಿಸಬೇಕು, ಇಲ್ಲದಿದ್ದರೆ ನಾಲ್ಕು ವಾರದ ಅಂತರದಲ್ಲಿ ಎರಡು ಚುಚ್ಚುಮದ್ದು. ಹೆಪಟೈಟಿಸ್ ಬಿ ಲಸಿಕೆಯ ಹಳೆಯ ಕ್ರಮದಲ್ಲಿ ಮೂರು ಡೋಸಿಗೆ ಆರು ತಿಂಗಳು ಬೇಕು, ಆಮೇಲೆ ಮತ್ತೆ ರಕ್ತಪರೀಕ್ಷೆ. ಕ್ಷಯದ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ನಮಗೆಲ್ಲ ಹುಟ್ಟಿದಾಗ ಬಿಸಿಜಿ ಹಾಕಿಸಿದ್ದಾರೆ, ತೋಳಿನ ಕಲೆ ಸಾಕ್ಷಿ. ಅಂಥವರಿಗೆ ಚರ್ಮದ ಪರೀಕ್ಷೆ ಮಾಡಿದರೆ ಕಾಯಿಲೆ ಇಲ್ಲದಿದ್ದರೂ ಉಬ್ಬಬಹುದು. ಆಗ ಎಕ್ಸ್‌ರೇ, ವೈದ್ಯರ ಪತ್ರ ಎಂದು ವಾರಗಳು ಹೋಗುತ್ತವೆ. ಮೊದಲೇ ಕೇಳಿ ಕ್ವಾಂಟಿಫೆರಾನ್ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಬಿಸಿಜಿ ಅದನ್ನು ದಾರಿ ತಪ್ಪಿಸುವುದಿಲ್ಲ. ದಡಾರದ ಲಸಿಕೆ ಹಾಕಿಸಿಕೊಳ್ಳುವುದಿದ್ದರೆ ಈ ರಕ್ತಪರೀಕ್ಷೆ ಲಸಿಕೆಯ ದಿನವೇ ಆಗಲಿ, ಇಲ್ಲವೇ ನಾಲ್ಕು ವಾರ ಬಿಟ್ಟು. ಜುಲೈ ಕೊನೆಯಲ್ಲಿ ಇದನ್ನೆಲ್ಲ ಶುರು ಮಾಡುವವಳು ಆಗಸ್ಟಿನಲ್ಲಿ ವಾರ್ಡಿಗೆ ಬರಲಾರಳು. ಇದರ ಜೊತೆಗೆ ಸಿಪಿಆರ್ ಕಾರ್ಡು, ಬೆರಳಚ್ಚು, ಹಿನ್ನೆಲೆ ಪರಿಶೀಲನೆ. ಮತ್ತು ಎಷ್ಟೋ ಕಾಲೇಜುಗಳು ಐದೋ ಏಳೋ ವರ್ಷಕ್ಕಿಂತ ಹಳೆಯ ವಿಜ್ಞಾನದ ಅಂಕಗಳನ್ನು ಒಪ್ಪುವುದಿಲ್ಲ.

ಸಂಗಾತಿಯ ಅವಲಂಬಿತರಾಗಿ ಎಚ್-4 ವೀಸಾದಲ್ಲಿರುವವರು ಇನ್ನೊಂದು ಲೆಕ್ಕವನ್ನು ಮೊದಲೇ ಹಾಕಬೇಕು. ಓದಲು ಆ ವೀಸಾ ಸಾಕು, ದುಡಿಯಲು ಸಾಲದು. 2015ರಿಂದ, ಮುಖ್ಯವಾಗಿ ಸಂಗಾತಿಯ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾಗಿರುವವರಿಗೆ ಕೆಲಸದ ಅನುಮತಿ ಸಿಗುತ್ತಿದೆ. ಅದಿಲ್ಲದೆ ಲೈಸೆನ್ಸ್ ಕೈಯಲ್ಲಿದ್ದರೂ ವಾರ್ಡಿಗೆ ಹೋಗುವಂತಿಲ್ಲ.

‘ಬೇಗ ಮುಗಿಯುವ ಸುಲಭದ ಕೋರ್ಸು’ ಎಂಬ ನಂಬಿಕೆ ಜನರನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ 2023ರ ಜನವರಿಯಲ್ಲಿ ಬಯಲಾದ ಫ್ಲಾರಿಡಾದ ಪ್ರಕರಣ ನೋಡಿ. ಲಾಭಕ್ಕಾಗಿ ನಡೆಯುತ್ತಿದ್ದ ಖಾಸಗಿ ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾಗಳು ಮಾರಾಟವಾಗಿದ್ದವು. ನಿಜವಾದ ಅಡ್ಡದಾರಿ ಅದು. ಸೇರುವ ಮುನ್ನ ರಾಜ್ಯದ ಬೋರ್ಡಿನ ಒಪ್ಪಿಗೆಯನ್ನೂ ರಾಷ್ಟ್ರೀಯ ಮಾನ್ಯತೆಯನ್ನೂ ನೋಡಿಕೊಳ್ಳಿ. ಮಾನ್ಯತೆ ಇಲ್ಲದ ಕಾಲೇಜಿನಿಂದ ಮುಂದಿನ ಪದವಿಗೆ ಹೋಗುವುದು ಕಷ್ಟ.

ಕೊನೆಗೆ ಮನೆ. ‘ಮಕ್ಕಳು ಸ್ಕೂಲಿಗೆ ಹೋದ ಹೊತ್ತಲ್ಲಿ’ ಎನ್ನುವವರೇ, ಕ್ಲಿನಿಕಲ್ ದಿನ ವಿದ್ಯಾರ್ಥಿನಿ ಬೆಳಿಗ್ಗೆ 6.45ಕ್ಕೆ ವಾರ್ಡಿನಲ್ಲಿರಬೇಕು. ಮನೆಯಿಂದ ಐದೂವರೆ, ಐದೂಮುಕ್ಕಾಲಿಗೆ ಹೊರಡಬೇಕು. ಸ್ಕೂಲ್ ಬಸ್ಸು ಬರುವುದು ಎಂಟಕ್ಕೆ. ಹನ್ನೆರಡು ಗಂಟೆಯ ಪಾಳಿಯಾದರೆ ಅವಳು ಮರಳುವಾಗ ಮಕ್ಕಳಿಗೆ ನಿದ್ದೆಯ ಹೊತ್ತು. ‘ಅತ್ತೆ ಬರ್ತಾರಲ್ಲ’ ಎನ್ನುತ್ತಾರೆ. ಅತ್ತೆಯವರಿಗೆ ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು, ಕೋರ್ಸು ನಡೆಯುವುದು ಹದಿನೈದು ಹದಿನಾರು ತಿಂಗಳು. ಮೊದಲ ಆರು ತಿಂಗಳು ಅವರು ಬೇಯಿಸಿ ಹಾಕಿದ್ದರಿಂದ ಸುಸೂತ್ರವಾಗಿ ನಡೆದದ್ದು ಏಳನೆಯ ತಿಂಗಳಲ್ಲಿ, ಓದು ಅತಿ ಕಠಿಣವಾಗುವ ಹೊತ್ತಿಗೇ ಕುಸಿಯುತ್ತದೆ. ನಾನು ಕಂಡ ಸೋಲುಗಳಲ್ಲಿ ಬುದ್ಧಿಯ ಕೊರತೆಯಿಂದ ಆದವು ಕಡಿಮೆ. ರಾತ್ರಿ ಹತ್ತರವರೆಗೆ ಅಡುಗೆಮನೆಯಲ್ಲಿ ದುಡಿದು, ಹತ್ತಕ್ಕೆ ಪುಸ್ತಕ ತೆಗೆದು, ನಾಲ್ಕೂವರೆಗೆ ಅಲಾರಂ ಇಟ್ಟುಕೊಂಡವಳು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬೀಳುತ್ತಾಳೆ. ಮನೆಯವರು ‘ಅವಳಿಗೆ ಅಷ್ಟು ಓದು ಹತ್ತಲಿಲ್ಲ’ ಎನ್ನುತ್ತಾರೆ. ಅದೇ ಮನೆಯ ಗಂಡಸು ಕೆಲಸ ಕಳೆದುಕೊಂಡು ಹೊಸದಾಗಿ ಏನನ್ನಾದರೂ ಕಲಿಯಹೊರಟರೆ ಬಾಗಿಲು ಹಾಕಿಕೊಂಡು ಓದಲು ಅವನಿಗೊಂದು ಕೋಣೆ ಸಿಗುತ್ತದೆ, ಮಕ್ಕಳಿಗೆ ‘ಅಪ್ಪ ಓದ್ತಿದಾರೆ, ಗಲಾಟೆ ಮಾಡಬೇಡಿ’ ಎಂಬ ತಾಕೀತು ಸಿಗುತ್ತದೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಸೀಟು ಸಿಕ್ಕಿದ ಪತ್ರ ಬಂದಿದ್ದರೆ, ಹೊಗಳುವುದನ್ನೂ ಹಳಿಯುವುದನ್ನೂ ಬಿಟ್ಟು ಒಂದು ಕ್ಯಾಲೆಂಡರ್ ತೆಗೆದುಕೊಂಡು ಕೂರಿ. ಹೆಚ್ಚಿನ ಕಾಲೇಜುಗಳಲ್ಲಿ ಕ್ಲಿನಿಕಲ್‌ಗೆ ಒಂದೆರಡು ದಿನಕ್ಕಿಂತ ಹೆಚ್ಚು ತಪ್ಪಿಸಿಕೊಂಡರೆ ಆ ಸೆಮಿಸ್ಟರೇ ಹೋಗುತ್ತದೆ. ಫೆಬ್ರವರಿಯ ಒಂದು ಕ್ಲಿನಿಕಲ್ ದಿನ ಬೆಳಗಿನ ಐದು ಗಂಟೆಗೆ ಮಗುವಿಗೆ 102 ಡಿಗ್ರಿ ಜ್ವರ ಬಂದರೆ ಆ ದಿನ ತನ್ನ ಮೀಟಿಂಗುಗಳನ್ನೆಲ್ಲ ಬಿಟ್ಟು ಮನೆಯಲ್ಲಿ ಉಳಿಯುವವರು ಯಾರು ಎಂಬುದನ್ನು ಈಗಲೇ ತೀರ್ಮಾನಿಸಿ, ಅವರ ಹೆಸರನ್ನು ಪ್ರತಿಯೊಂದು ಕ್ಲಿನಿಕಲ್ ದಿನದ ಮುಂದೆ ಬರೆದಿಡಿ. ಆ ಹೆಸರು ಅವಳದಾಗಿರಬಾರದು.